ಅಕ್ಕ ಬರೆದುಕೊಳ್ಳುತ್ತಿದ್ದ ಅಳತೆಗಳು

ನನ್ನ ಭಾವ ನಲವತ್ತು ವರ್ಷದಿಂದ ದರ್ಜಿ. ಬೀದಿಯವರಿಗೆಲ್ಲ 'ಟೇಪು ಮಾಸ್ಟರ್'. ಆದರೆ ಅಳತೆ ಬರೆದಿಡುವ ಕೆಲಸವನ್ನು ಒಂದು ದಿನವೂ ಮಾಡಿದವರಲ್ಲ. ಟೇಪು ಹಿಡಿದು "ಎದೆ ಮೂವತ್ತೆಂಟು, ತೋಳು ಇಪ್ಪತ್ಮೂರು" ಎಂದು ಅವರು ಕೂಗುವುದು, ಕಾಜಾ ಹೊಲಿಯುತ್ತ ಕುಳಿತ ನನ್ನ ಅಕ್ಕ ಪುಸ್ತಕದಲ್ಲಿ ಗೀಚಿಕೊಳ್ಳುವುದು.

ಹತ್ತು ತಿಂಗಳ ಹಿಂದೆ ಅಕ್ಕ ತೀರಿಕೊಂಡಳು. ಮತ್ತೆ ಅಂಗಡಿ ತೆರೆದ ದಿನವೂ ಭಾವ ಅಭ್ಯಾಸಬಲದಿಂದ ಕೂಗಿದರು. ಬರೆದುಕೊಳ್ಳಲು ಯಾರಿದ್ದಾರೆ? ಬಟ್ಟೆ ಕತ್ತರಿಸಲು ಕುಳಿತರೆ ಅಳತೆಯೇ ಇಲ್ಲ. ಅಂದಾಜಿನಲ್ಲಿ ಹೊಲಿದ ಶರ್ಟು ಪಕ್ಕದ ಮನೆ ಮೇಷ್ಟ್ರ ಮೈಮೇಲೆ ಗೋಣಿಚೀಲದಂತೆ ಜೋತುಬಿತ್ತು. ಇಂಥವು ನಾಲ್ಕಾದ ಮೇಲೆ ಭಾವ ಊಟ ಬಿಟ್ಟರು, ಮಾತು ಬಿಟ್ಟರು, ಗೋಡೆಗೆ ಮುಖ ಮಾಡಿ ಮಲಗಿದರು.

ಅವರ ಮಗರಾಯನಿಗೆ ಅಷ್ಟೇ ಸಾಕಾಯಿತು. "ಅಪ್ಪಂಗೆ ಮರೆವಿನ ಕಾಯಿಲೆ ಚಿಕ್ಕಮ್ಮ, ತಲೆ ಪೂರ್ತಿ ಹೋಗಿದೆ. ಡಾಕ್ಟ್ರು ಒಂದು ಚೀಟಿ ಬರ್ಕೊಟ್ರೆ ಆಶ್ರಮಕ್ಕೆ ಸೇರಿಸ್ಬಿಡ್ತೀನಿ. ಅಪ್ಪನ ಅಂಗಡಿ ಜಾಗದಲ್ಲಿ ಮೊಬೈಲ್ ಅಂಗಡಿ ಹಾಕ್ಬಹುದು."

ನನಗೆ ಮೈಯೆಲ್ಲ ಉರಿದುಹೋಯಿತು. ಕರೆಯದಿದ್ದರೂ ಆಸ್ಪತ್ರೆಗೆ ಜೊತೆಯಲ್ಲೇ ಹೊರಟೆ.

"ಇವತ್ತು ಯಾವ ವಾರ?" ಎಂದು ಡಾಕ್ಟರಮ್ಮ ಭಾವನನ್ನು ಕೇಳಿದರು.

"ಗೊತ್ತಿಲ್ಲ."

"ನೂರರಲ್ಲಿ ಏಳು ಕಳೆದ್ರೆ?"

"ಗೊತ್ತಿಲ್ಲ. ಬಿಡಿ ತಾಯಿ, ನನ್ನ ತಲೆ ಕೆಟ್ಟಿದೆ."

ಮಗ ಗೆದ್ದವನಂತೆ ಹುಬ್ಬು ಹಾರಿಸಿದ. ಯಾವಾಗಿನಿಂದ ಹೀಗೆ ಎಂದು ಡಾಕ್ಟರಮ್ಮ ವಿಚಾರಿಸಿದರೆ, "ಮೂರು ವರ್ಷದಿಂದ, ನಿಧಾನವಾಗಿ" ಎಂದುಬಿಟ್ಟ. ನಾಚಿಕೆ ಎಂಬುದು ಆ ಪ್ರಾಣಿಯ ಹತ್ತಿರವೂ ಸುಳಿದಿಲ್ಲ.

"ಸುಳ್ಳು ಬೊಗಳ್ಬೇಡ!" ಎಂದೆ. "ಡಾಕ್ಟ್ರೆ, ಇದೆಲ್ಲ ಅಕ್ಕ ಹೋದಮೇಲೆ. ಅದಕ್ಕೆ ಮುಂಚೆ ಇವ್ರು ಒಂದು ಗುಂಡಿನೂ ತಪ್ಪು ಜಾಗಕ್ಕೆ ಹಾಕಿದೋರಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಮರೆವಿನ ಕಾಯಿಲೆಯವರು ಸಾಮಾನ್ಯವಾಗಿ ಅದನ್ನ ಮುಚ್ಚಿಡೋಕೆ ನೋಡ್ತಾರೆ, ಏನೋ ಒಂದು ಉತ್ತರ ಕಟ್ಟಿ ಹೇಳ್ತಾರೆ. ಇವ್ರು ಯೋಚನೆ ಮಾಡೋಕೂ ಹೋಗ್ತಿಲ್ಲ, ತಲೆ ಕೆಟ್ಟಿದೆ ಅಂತ ತಾವೇ ದೂರ್ತಿದಾರೆ. ರಕ್ತ ಪರೀಕ್ಷೆ ಮಾಡಿಸಿ, ಇನ್ನೆರಡು ಸಲ ನೋಡ್ತೀನಿ. ನನಗಂತೂ ಇದು ಖಿನ್ನತೆ ಅನ್ಸುತ್ತೆ. ಔಷಧಿ ಇದೆ, ಗುಣ ಆಗಬಹುದು."

ಮಗನ ಮುಖ ಹುಳ್ಳಗಾಯಿತು. "ಇಲ್ಲ ಡಾಕ್ಟ್ರೆ, ಇವ್ರಿಗೆ ಏನೂ ನೆನಪಿಲ್ಲ" ಎಂದು ಪಟ್ಟು ಹಿಡಿದ.

ಭಾವ ಆಗ ತಲೆಯೆತ್ತಿ ಅವನನ್ನೇ ನೋಡಿದರು.

"ನಿಮ್ಮಮ್ಮ ಕೊನೇ ದಿನ ಮೂರು ಸಲ ನೀರು ಕೇಳಿದ್ಲು. ನಾನು ಮಾತ್ರೆ ತಂದು ಬಾಗಿಲಲ್ಲಿ ಚಪ್ಪಲಿ ಬಿಡ್ತಿದ್ದೆ. ನೀನು ಟಿವಿ ಸೌಂಡ್ ಜಾಸ್ತಿ ಮಾಡ್ದೆ. ಅದನ್ನ ಮರೀಬೇಕು ಅಂತಾನೇ ಒದ್ದಾಡ್ತಿದೀನಿ ಕಣೋ. ಆಗ್ತಿಲ್ಲ."