ಇಮಾಮ್ ಸಾಬರ ಖಾಲಿ ನಂಬರು

ಹೊಂಗನೂರಿನ ಚೈತನ್ಯ ಸುಮ್ಮನೆ ಕೂರುವ ಹುಡುಗಿಯಲ್ಲ. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರ ಆಫೀಸಿಗೆ ಸೇರಿದ ಮೊದಲ ವಾರವೇ, ಸ್ಟಿಕ್ಕರುಗಳನ್ನು ಕೈಯಲ್ಲಿ ಬರೆಯುವುದನ್ನು ನೋಡಿ ಅವಳಿಗೆ ತಲೆಚಿಟ್ಟು ಹಿಡಿಯಿತು. ಕಾಲೇಜಿನಲ್ಲಿ ಕಲಿತ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾನೇ ಒಂದು ಪ್ರೋಗ್ರಾಂ ಬರೆದಳು. ಬೊಂಬೆ ಮಾಡಿದವರ ಹೆಸರು, ಪಕ್ಕದಲ್ಲಿ ಅವರು ಮರ ಕಡೆಯುವ ಲೇತಿನ ನಂಬರು, ಪಟಪಟನೆ ಅಚ್ಚಾಗತೊಡಗಿತು. ಬಸ್ಸಿನಲ್ಲಿ ನಿಂತೇ ಊರು ಸೇರಿದರೂ ಆ ವಾರವೆಲ್ಲ ಅವಳ ಮುಖ ಅರಳಿಕೊಂಡೇ ಇತ್ತು.

ಮೊನ್ನೆ ಬೆಳಗ್ಗೆ ಹಿರಿಯ ಕೆಲಸಗಾರ ದೊಡ್ಡಹನುಮಯ್ಯ ಸ್ಟಿಕ್ಕರು ಹಿಡಿದು ಬಾಗಿಲಲ್ಲಿ ನಿಂತ.

"ಏನವ್ವಾ ಇದು? ನನ್ ನಂಬರು ನಾಕು. ಇಲ್ಲಿ ನಾಕು ಚುಕ್ಕಿ ಸೊನ್ನೆ ಅಂತ ಬಂದೈತಲ್ಲ. ಈ ವಯಸ್ನಾಗೆ ನಂಗ್ಯಾಕವ್ವ ಸೊನ್ನೆ ಕೊಟ್ಟೆ?"

ನೋಡಿದರೆ ಎಲ್ಲರ ನಂಬರಿಗೂ ಬಾಲ ಬಂದಿತ್ತು. ಚೈತನ್ಯ ಹೆಸರುಗಳ ಪಟ್ಟಿ ತೆರೆದು ನೋಡಿದಳು. ಮುಟ್ಟಿದ್ದು ಒಂದೇ ಜಾಗ. ಒಂಬತ್ತನೇ ಲೇತಿನ ಇಮಾಮ್ ಸಾಬರು ಹೋದ ತಿಂಗಳು ತೀರಿಕೊಂಡಿದ್ದರು. ಸತ್ತವರ ಹೆಸರನ್ನು ಆ ಕಾರ್ಖಾನೆಯ ಪಟ್ಟಿಯಿಂದ ಅಳಿಸುವುದಿಲ್ಲ. ನಂಬರು ಮಾತ್ರ ಖಾಲಿ ಬಿಡುತ್ತಾರೆ. ಮನೆಯವರು ಬಂದು ಹೇಳುವ ತನಕ ಆ ಲೇತನ್ನು ಯಾರೂ ಮುಟ್ಟುವಂತಿಲ್ಲ. ಹಿಂದಿನ ಸಂಜೆ ಅವಳೂ ಹಾಗೇ ಖಾಲಿ ಬಿಟ್ಟಿದ್ದಳು.

ಪಟ್ಟಿ ಓದಲು ಅವಳು ನಂಬಿದ್ದ ಪಾಂಡಾಸ್ ಎಂಬ ಸಿದ್ಧ ಕೋಡಿನ ಲೈಬ್ರರಿಗೆ ಈ ಪದ್ಧತಿ ಏನು ಗೊತ್ತು! ಪೂರ್ಣ ಸಂಖ್ಯೆಗಳ ಸಾಲಿನಲ್ಲಿ ಒಂದು ಜಾಗ ಖಾಲಿ ಕಂಡರೆ ಸಾಕು, ಅದು ಯಾರನ್ನೂ ಕೇಳದೆ ಇಡೀ ಸಾಲನ್ನೇ ದಶಮಾಂಶ ಮಾಡಿಬಿಡುತ್ತದೆ. ಒಬ್ಬರ ಮನೆಯ ದುಃಖಕ್ಕೆ ಕೇರಿಯೆಲ್ಲ ತಲೆ ಬೋಳಿಸಿಕೊಂಡಂತೆ.

ಸೂಪರ್‌ವೈಸರ್ ಇಸ್ರಾರ್ ಕೈ ಗಡಿಯಾರ ನೋಡಿದ. "ಸಂಜೆಗೆ ಲಾರಿ ಬಂದ್ಬುಡ್ತದೆ. ಆ ಹೆಸರು ತೆಗೆದ್ಬುಡಮ್ಮ, ಎಲ್ಲ ಸರಿಹೋಯ್ತದೆ."

ಸರಿಹೋಗುತ್ತದೆ, ನಿಜ. ಆದರೆ ಇಮಾಮ್ ಸಾಬರ ಹೆಂಡತಿ ಅಕ್ಬರಿ ಬೇಗಂ ಅದೇ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಅವಳ ಕಣ್ಣೆದುರೇ ಗಂಡನ ಹೆಸರು ಕಿತ್ತುಹಾಕುವುದು ಹೇಗೆ? ಚೈತನ್ಯ ಕೀಲಿಮಣೆಯಿಂದ ಕೈ ತೆಗೆದಳು.

"ಆಗಲ್ಲ ಇಸ್ರಾರಣ್ಣ. ತಪ್ಪು ನನ್ನ ಪ್ರೋಗ್ರಾಮಿಂದು, ಅವರದ್ದಲ್ಲ."

ಊಟಕ್ಕೂ ಏಳದೆ ಹುಡುಕಿದಳು. ಖಾಲಿ ಜಾಗವನ್ನು ಸಹಿಸಿಕೊಳ್ಳುವ ಪೂರ್ಣ ಸಂಖ್ಯೆಯ ಬಗೆಯೊಂದು ಆ ಲೈಬ್ರರಿಯಲ್ಲೇ ಇತ್ತು. ನಂಬರುಗಳನ್ನು ಆ ಬಗೆಯಲ್ಲೇ ಓದು ಎಂದು ನಾವೇ ಹೇಳಬೇಕಷ್ಟೆ. ಹೇಳಿದಳು. ಬಾಲಗಳೆಲ್ಲ ಉದುರಿದವು. ದೊಡ್ಡಹನುಮಯ್ಯ ಹೊಸ ಸ್ಟಿಕ್ಕರನ್ನು ಕಣ್ಣಿಗೆ ಒತ್ತಿಕೊಂಡೇ ಹೋದ.

ಚೈತನ್ಯಳಿಗೆ ತಡೆಯಲಾಗಲಿಲ್ಲ. ಅಕ್ಬರಿ ಬೇಗಂಳನ್ನು ಕರೆದು ಕಂಪ್ಯೂಟರು ತೋರಿಸಿದಳು. "ನೋಡಿ ಅಕ್ಬರಮ್ಮ. ಸಾಬರ ಹೆಸರು ಇದೆ. ನಂಬರು ಖಾಲಿ ಇದೆ. ಯಾರಿಗೂ ತೆಗೆಯೋಕೆ ಬಿಡಲಿಲ್ಲ."

ಅಕ್ಬರಿ ಬೇಗಂ ಆ ಹೆಸರನ್ನು ತುಂಬ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಒಳ್ಳೇದು ಮಾಡ್ದೆ ಕಣಮ್ಮ. ಅವ್ರ ಹೆಸರು ಅಂಗೇ ಇರ್ಲಿ. ಅದ್ರ ಕೆಳಗೆ ಒಸಿ ನನ್ನ ಹೆಸರು ಬರಿ, ಪಕ್ಕದಲ್ಲಿ ಒಂಬತ್ತು ಹಾಕು."

"ನೀವು ಲೇತ್ ಮುಂದೆ ಕೂರ್ತೀರಾ?"

"ಮದುವೆಯಾದ ಹೊಸದ್ರಲ್ಲಿ ಅವ್ರಿಗೆ ಲೇತ್‌ನಾಗೆ ತಿರುಗೋ ಬೊಂಬೆಗೆ ಅರಗಿನ ಬಣ್ಣ ಹಚ್ಚೋದು ಕಲಿಸಿದ್ದು ಯಾರು ಅಂದ್ಕೊಂಡೆ?"