ಭಟ್ಟಿ ಮನೆಯ ಕೆಮ್ಮು

ಕ್ಯಾಮೆರಾ ಹಿಡಿದವರನ್ನು ಕಂಡರೆ ಮಾಬೂಬೀಗೆ ಆಗುತ್ತಿರಲಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ ಅಂಥವರು ಬಂದು ಹೋದಾಗಲೆಲ್ಲ ಹಿಂದೆಯೇ ಒಬ್ಬ ಆಫೀಸರ್ ಬಂದು, ಹೊಗೆ ಜಾಸ್ತಿಯಾಯಿತು, ಭಟ್ಟಿ ಮುಚ್ಚಿಸುತ್ತೇನೆ ಎಂದು ಗದರಿಸಿ ಹೋಗುತ್ತಿದ್ದ. ಹಾಗಾಗಿ ಹರಿಹರದ ರಶ್ಮಿತಾ ಎಂಬ ಹುಡುಗಿ ಕ್ಯಾಮೆರಾ ಹೆಗಲಿಗೇರಿಸಿ ಬಂದು "ನಿಮ್ಮ ಓಣಿ ಕಥಿ ಹೇಳ್ರಿ" ಎಂದಾಗ, ಮಾಬೂಬೀ ಮೊದಲು ನೋಡಿದ್ದು ಅವಳ ಬೆನ್ನ ಹಿಂದೆ ಯಾರಿದ್ದಾರೆ ಎಂದು.

ರಶ್ಮಿತಾ ಮೊಬೈಲ್ ತೆಗೆದು ತೋರಿಸಿದಳು. ಪರದೆಯ ಮೇಲೆ ಇಡೀ ಓಣಿಯ ಚಿತ್ರ. ಯಾವ ಭಟ್ಟಿಯ ಮೇಲೆ ಬೆರಳಿಟ್ಟರೆ ಆ ಭಟ್ಟಿಯವರು ಮಾತಾಡುತ್ತಾರಂತೆ: ಹಿರಿಯರು ಎಲ್ಲಿಂದ ಬಂದರು, ಮೊದಲು ಬೆಂಕಿ ಹಾಕಿದ್ದು ಯಾರು, ಮರಳು ಕಾಯಿಸುವುದನ್ನು ಯಾರಿಂದ ಕಲಿತರು. ಕೇಳುವವರು ತಮಗೆ ಬೇಕಾದ ಮನೆ ಹೊಕ್ಕು ಕೇಳಬಹುದಂತೆ.

"ಅಂದ್ರೆ ಯಾರು ಬೇಕಾದ್ರೂ ನಮ್ಮನಿ ಒಳಗೆ ನುಗ್ಗಬೋದು ಅನ್ನು," ಎಂದಳು ಮಾಬೂಬೀ.

ಅಂದು ಸಂಜೆಯೇ ಅವಳೂ ಪಕ್ಕದ ಭಟ್ಟಿಯ ಅಮೀರ್ ಜಾನಳೂ ಓಣಿಯವರನ್ನೆಲ್ಲ ಸೇರಿಸಿ ಒಂದು ಮಾತು ಪಕ್ಕಾ ಮಾಡಿದರು. ಹಳೆಯ ಕಥೆ ಬೇಕಾದಷ್ಟು ಹೇಳುವುದು. ಹೊಗೆಯ ಸುದ್ದಿ ಬಂದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ಹೊಗೆಯಿಂದ ಇಲ್ಲಿ ಯಾರಿಗೂ ಏನೂ ಆಗಿಲ್ಲ. ಮರುದಿನದಿಂದ ಪ್ರತಿ ಭಟ್ಟಿಯಲ್ಲೂ ಅದೇ ಗಿಳಿಪಾಠ. ಕೇಳಿ ಕೇಳಿ ರಶ್ಮಿತಾಳಿಗೆ ನಗು ಬಂದಿರಬೇಕು, ಪಾಪ, ತೋರಿಸಿಕೊಳ್ಳಲಿಲ್ಲ. ತೋರಿಸಿಕೊಳ್ಳದೆ ಇದ್ದದ್ದೇ ಮಾಬೂಬೀಗೆ ಇನ್ನಷ್ಟು ಅನುಮಾನ ತರಿಸಿತು.

ಅವಳ ಸರದಿಯೂ ಬಂತು. ಮಾವ ಭಾನುವಳ್ಳಿಯಿಂದ ಬಾಣಲೆ ಹೊತ್ತು ಬಂದದ್ದನ್ನು ಚೆನ್ನಾಗಿಯೇ ಹೇಳಿದಳು. ಕೊನೆಗೆ ಹೊಗೆಯ ಗಿಳಿಪಾಠ ಒಪ್ಪಿಸುತ್ತಿದ್ದಂತೆ ಒಳಗೆ ಮಲಗಿದ್ದ ಗಂಡ ಸಿಕಂದರ್ ಕೆಮ್ಮತೊಡಗಿದ. ಚಿಕ್ಕಂದಿನಿಂದ ಭಟ್ಟಿಯ ಬಾಯಿಗೆ ಭತ್ತದ ಹೊಟ್ಟು ತಳ್ಳಿದವನು. ಒಮ್ಮೆ ಹಿಡಿದರೆ ಬಿಡುವ ಕೆಮ್ಮಲ್ಲ ಅದು. ಕೆಮ್ಮಿನ ನಡುವೆಯೇ "ಮಾಬೂ, ನೀರು" ಎಂದು ಕೂಗಿದ.

ಮಾಬೂಬೀ ಏಳಲಿಲ್ಲ. ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದಳು.

"ಆ ಕೆಮ್ಮು ತೆಗೀಬೇಕು. ಈಗ್ಲೇ, ನನ್ನೆದುರಿಗೇ."

"ಮನಿಗೆ ಹೋಗಿ ತೆಗೀತೀನ್ರಿ, ಮಾಬೂಬಮ್ಮ. ಮೊದ್ಲು ಅವ್ರಿಗೆ ನೀರು ಕೊಡ್ರಿ."

"ಮನಿಗೆ ಹೋದಮ್ಯಾಲೆ ನೀ ಏನು ಮಾಡ್ತೀಯೋ ನನಗೇನು ಗೊತ್ತು? ಅಳಿಸು."

ರಶ್ಮಿತಾ ಆ ತುಣುಕನ್ನು ಅಲ್ಲಿಯೇ ಅಳಿಸಿದಳು. ಮಾಬೂಬೀಗೆ ಅಷ್ಟೂ ಸಾಲಲಿಲ್ಲ. ಉಳಿದದ್ದನ್ನು ಹಾಕಿಸಿ ಕೇಳಿ, ಕೆಮ್ಮು ಎಲ್ಲಿಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ತಂಬಿಗೆ ಹಿಡಿದು ಒಳಗೆ ಹೋದಳು. ಬಂದು ಹೊಗೆಯ ಮಾತನ್ನು ಇನ್ನೊಮ್ಮೆ ಹೇಳಿ ಮುಗಿಸಿದಳು.

ಆ ಮಳೆಗಾಲದಲ್ಲಿ ಸಿಕಂದರ್ ತೀರಿಕೊಂಡ. ಮನೆಯಲ್ಲಿ ಅವನ ಫೋಟೋ ಇತ್ತು, ದನಿ ಎಲ್ಲಿಯೂ ಇರಲಿಲ್ಲ. ಆಗ ಮಾಬೂಬೀಗೆ ಹೊಸ ಅನುಮಾನ ಹತ್ತಿತು. ಓದಿದ ಹುಡುಗಿ, ಅಷ್ಟು ಸುಲಭಕ್ಕೆ ಅಳಿಸಿರುತ್ತಾಳೆಯೇ? ಕಣ್ಣಿಗೆ ಮಣ್ಣೆರಚಿ ಎಲ್ಲೋ ಬಚ್ಚಿಟ್ಟುಕೊಂಡಿರಬೇಕು. ಯಾರನ್ನೂ ನಂಬದ ಹೆಂಗಸು ಈ ಒಂದು ಮೋಸವನ್ನು ಮಾತ್ರ ಆಸೆಯಿಂದ ನಂಬಿದಳು.

ಗಂಡ ಸತ್ತವಳು ಮನೆಯೊಳಗೇ ಕೂರುವ ಇದ್ದತ್ತಿನ ದಿನಗಳು ಮುಗಿದಿದ್ದವು. ಓಣಿಯ ಕಥೆಯನ್ನು ಹರಿಹರದ ಸಭಾಂಗಣವೊಂದರಲ್ಲಿ ತೋರಿಸುತ್ತಾರೆಂದು ತಿಳಿದು, ಅಮೀರ್ ಜಾನಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ದೊಡ್ಡ ಪರದೆಯ ಮೇಲೆ ತನ್ನ ಭಟ್ಟಿ ಹುಡುಕಿ ಬೆರಳಿಟ್ಟಳು. ಅವಳದೇ ದನಿ ಬಂತು. ಮಾವ, ಬಾಣಲೆ, ಮರಳು. ಹೊಗೆಯಿಂದ ಯಾರಿಗೂ ಏನೂ ಆಗಿಲ್ಲ. ಅಲ್ಲಿಗೆ ಮುಗಿಯಿತು. ಮತ್ತೆ ಬೆರಳಿಟ್ಟಳು, ಮತ್ತೆ ಅಷ್ಟೇ.

"ಎಲ್ಲಿಟ್ಟೀಯ, ಕೊಡು," ಎಂದು ರಶ್ಮಿತಾಳನ್ನು ಹಿಡಿದುಕೊಂಡಳು. "ಅವ್ರ ಕೆಮ್ಮು. ನನ್ನ ಹೆಸ್ರು ಹಿಡಿದು ಕೂಗಿದ್ರಲ್ಲ, ಅದು."

ರಶ್ಮಿತಾಳ ಮುಖ ಬಾಡಿತು. "ನೀವೇ ಮುಂದೆ ನಿಂತು ಅಳಿಸಾಕೆ ಹಚ್ಚಿದ್ರಲ್ರಿ."

"ಸುಳ್ಳು ಹೇಳಬ್ಯಾಡ. ಇಟ್ಕೊಂಡಿರ್ತೀಯ."

"ಇಲ್ರಿ ಅಮ್ಮ. ನಿಜವಾಗ್ಲೂ ಇಲ್ಲ."

ಮಾಬೂಬೀ ಹುಡುಗಿಯ ಕಣ್ಣನ್ನೇ ನೋಡಿದಳು. ಅವಳು ಹೇಳುತ್ತಿರುವುದು ನಿಜವೆಂದು ಗೊತ್ತಾಯಿತು. ಗೊತ್ತಾದದ್ದೇ ಗೋಡೆಗೊರಗಿ ಜೋರಾಗಿ ಅತ್ತುಬಿಟ್ಟಳು.

ಅತ್ತು ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಕೂತಳು. "ತೆಗಿ ನಿನ್ನ ಕ್ಯಾಮೆರಾ."

ಅಮೀರ್ ಜಾನ್ ಗಾಬರಿಯಾಗಿ ತೋಳು ಹಿಡಿದಳು. "ಬ್ಯಾಡ ಕಣೆ, ಇಡೀ ಓಣಿನೇ ಮುಚ್ಚಿಸ್ತಾರೆ!"

ಮಾಬೂಬೀ ಕೈ ಬಿಡಿಸಿಕೊಂಡಳು. "ನಮ್ಮ ಯಜಮಾನ್ರು ಹೊಗೆ ಕುಡಿದೇ ಹೋದ್ರು," ಎಂದು ಶುರು ಮಾಡಿದಳು. "ಅವ್ರು ಹೆಂಗೆ ಕೆಮ್ತಿದ್ರು ಅಂದ್ರೆ..." ಎಂದು ಸೆರಗು ಸರಿಸಿ, ಎದೆಯ ಮೇಲೆ ಕೈಯಿಟ್ಟು ಕೆಮ್ಮಿದಳು. ಸಭಾಂಗಣದಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು.

"ಹಿಂಗಲ್ಲ," ಎಂದು ತಲೆಯಾಡಿಸಿ ಮತ್ತೆ ಕೆಮ್ಮಿದಳು.