ಹಾಯಿದೋಣಿಯ ಸಂಡಾಸಿಗೆ ಮೊದಲು ಹೋದವನು

ನೋಡ್ರಪ್ಪಾ, ಬೆಳ್ಳಟ್ಟಿಯಲ್ಲಿ ಕೈಪಂಪು ರಿಪೇರಿ ಮಾಡುವ ನಾನು ಇವತ್ತು ಕಾರವಾರದಲ್ಲಿ ಗದಗಿನ ಹತ್ತಿ ಸಾಹುಕಾರರ ಹಾಯಿದೋಣಿಯ ಸಂಡಾಸು ಬಿಚ್ಚಿದೆ. ಅದಕ್ಕೂ ಕೈಯಿಂದಲೇ ಪಂಪು ಹೊಡೆಯಬೇಕು. ಹೊಡೆದಷ್ಟೂ ಹೊಲಸು ಹಿಂದಕ್ಕೆ ಬರುತ್ತಿತ್ತು. ಒಳಗಿನ ರಬ್ಬರ್ ವಾಲ್ವ್ ಹರಿದಿತ್ತು. ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಹೊಸದು ಕೂರಿಸಿದೆ.

ಕೆಲಸ ಮುಗಿಯುತ್ತಲೇ ಸಾಹುಕಾರರು, "ನಿನಗ ಹೊರಕಡಿಗೆ ಬಂದ್ರ ಸಮುದ್ರದ ದಂಡಿಗೆ ಹೋಗಲೇ. ಇದು ಮನಿ ಮಂದಿಗಷ್ಟ" ಎಂದರು.

"ಬೋರಿಂಗ್ ಪಂಪು ರಿಪೇರಿ ಮಾಡಿದಾವನ ಮೊದಲ ನೀರು ಕುಡದು ತೋರಸ್ತಾನ್ರಿ. ಅದು ನಮ್ಮ ಪದ್ಧತಿ" ಎಂದೆ.

"ಇದ್ರಾಗಿಂದೇನ್ ಕುಡೀತಿ?"

ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಅವರು ಬಾಗಿಲು ಬಡಿಯುತ್ತಿದ್ದರು. ನಾನು ಆರಾಮಾಗಿ ಕೂತೆದ್ದು, ಇಪ್ಪತ್ತು ಸಲ ಪಂಪು ಹೊಡೆದು ಹೊರಬಂದೆ.

"ಪಾಸಾತ್ರಿ. ಇನ್ನ ಮನಿ ಮಂದಿನೂ ಹೋಗಬಹುದು."